ನಲ್ಲಿ ನೀರಿನಲ್ಲಿ ಪ್ಲಾಸ್ಟಿಕ್ ರಾಸಾಯನಿಕಗಳ ಪರೀಕ್ಷೆ: ಕಲ್ಲೂರಿನ ಹೊಳೆಯಿಂದ ಬೆಂಗಳೂರಿನ ನಲ್ಲಿಯವರೆಗೆ

ಪ್ಲಾಸ್ಟಿಕ್ ತಯಾರಿಸಲು, ಅದನ್ನು ಮೆದು ಮಾಡಲು, ಗಟ್ಟಿ ಮಾಡಲು, ನೀರು-ಎಣ್ಣೆ ಅಂಟದಂತೆ ಮಾಡಲು ಕಾರ್ಖಾನೆಗಳು ನಾನಾ ರಾಸಾಯನಿಕಗಳನ್ನು ಬಳಸುತ್ತವೆ. ಇವು ಕುಡಿಯುವ ನೀರಿಗೆ ಸೇರಿವೆಯೇ, ಸೇರಿದ್ದರೆ ಎಷ್ಟು ಎಂದು ಪತ್ತೆ ಹಚ್ಚುವ ವಿಧಾನಗಳು ಈ ಲೇಖನದ ವಿಷಯ. ಥ್ಯಾಲೇಟುಗಳು, ಬಿಸ್ಫಿನಾಲ್ ಎ, ವಿನೈಲ್ ಕ್ಲೋರೈಡ್, ಸ್ಟೈರೀನ್ ಮತ್ತು ಪಿಎಫ್‌ಎಎಸ್ ಎಂಬ ಫ್ಲೂರಿನ್ ಸಂಯುಕ್ತಗಳ ದೊಡ್ಡ ಕುಟುಂಬ ಇವುಗಳಲ್ಲಿ ಮುಖ್ಯವಾದವು. ಇವುಗಳಿಗೆ ಬಣ್ಣವಿಲ್ಲ, ಸಾಮಾನ್ಯ ಪ್ರಮಾಣದಲ್ಲಿ ವಾಸನೆಯೂ ರುಚಿಯೂ ಇಲ್ಲ. ಕುದಿಸಿದರೆ ಸಾಯಲು ಇವು ಕ್ರಿಮಿಗಳಲ್ಲ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂಬ ನಮ್ಮ ಹಳೆಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ವಿಷಯದಲ್ಲಿ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು ಒಂದಿದೆ: ಪ್ರಯೋಗಾಲಯಕ್ಕೆ ಏನನ್ನು ಹುಡುಕಲು ಹೇಳಿರುತ್ತೇವೋ ಅದು ಅದನ್ನು ಮಾತ್ರ ಹುಡುಕುತ್ತದೆ. ವರದಿಯಲ್ಲಿ ಕಾಲಮ್ಮೇ ಇಲ್ಲದ ವಸ್ತು ನೀರಿನಲ್ಲಿ ಇದ್ದರೂ ವರದಿ ‘ಕುಡಿಯಲು ಯೋಗ್ಯ’ ಎಂದೇ ಹೇಳುತ್ತದೆ.

ಹೊಳೆಯ ದಾರಿ

ಬೆಂಗಳೂರಿನ ನಲ್ಲಿ ನೀರಿನ ಒಂದು ಪಾಲು ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡೋಣ. ಕೇರಳದ ವಯನಾಡು ಜಿಲ್ಲೆಯ ಕಲ್ಲೂರು ನೂಲ್‌ಪುಳ ಗ್ರಾಮ ಪಂಚಾಯಿತಿಗೆ ಸೇರಿದ ಊರು. ಕೋಳಿಕ್ಕೋಡಿನಿಂದ ಸುಲ್ತಾನ್ ಬತ್ತೇರಿ, ಗುಂಡ್ಲುಪೇಟೆ ಮಾರ್ಗವಾಗಿ ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬತ್ತೇರಿ ದಾಟಿ ಮುತ್ತಂಗದ ಕಾಡಿಗೆ ಬರುವ ಮುಂಚೆ ಸಿಗುತ್ತದೆ. ಇಲ್ಲಿನ ನೂಲ್‌ಪುಳ ಹೊಳೆ ಪೂರ್ವಕ್ಕೆ ಹರಿದು ಗಡಿ ದಾಟಿ ಕರ್ನಾಟಕ ಸೇರುತ್ತದೆ. ಕೇರಳದ ಬಹುತೇಕ ಹೊಳೆಗಳು ಪಡುವಣ ಕಡಲಿಗೆ ಇಳಿದರೆ, ವಯನಾಡಿನ ಈ ನೀರು ಮಾತ್ರ ಕಬಿನಿಯ ಪಾಲು. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ, ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟೆಯಿಂದ ಬೆಂಗಳೂರು ತನ್ನ ನೀರನ್ನು ಎತ್ತಿಕೊಳ್ಳುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣವಾದ ಮೇಲೆ ಆ ನೀರು ಸುಮಾರು 100 ಕಿ.ಮೀ. ದೂರ ಪಂಪಿನ ಬಲದಿಂದ ಏರಿ ಬರುತ್ತದೆ. ಹೀಗೆ ಬೆಂಗಳೂರಿನವರು ‘ಕಾವೇರಿ ನೀರು’ ಎಂದು ಕರೆಯುವುದರಲ್ಲಿ ವಯನಾಡಿನ ಕಾಡಿನ ಮಳೆಯೂ ಇದೆ. ಮೈಸೂರಿಗಂತೂ ಕಾವೇರಿಯ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳ ಜೊತೆಗೆ ಕಬಿನಿಯ ದಡದ ಬಿದರಗೂಡಿನಿಂದ ನೇರವಾಗಿಯೇ ನೀರು ಬರುತ್ತದೆ.

ಕಲ್ಲೂರಿನ ಸುತ್ತಮುತ್ತ ದೊಡ್ಡ ಕಾರ್ಖಾನೆಗಳಿಲ್ಲ. ಕಾಡು, ಗದ್ದೆ, ಕಾಫಿ, ಮೆಣಸು, ಬಾಳೆ ಇವೆ. ಹೆಚ್ಚಿನ ಮನೆಗಳಿಗೆ ಸ್ವಂತ ಬಾವಿ ಉಂಟು. ಪರೀಕ್ಷೆಯ ದೃಷ್ಟಿಯಿಂದ ಇಂಥ ಜಾಗಕ್ಕೆ ತುಂಬ ಬೆಲೆ. ನಗರದ ನಲ್ಲಿಯಲ್ಲಿ ಏನಾದರೂ ಸಿಕ್ಕಿದಾಗ ಅದು ಹೊಳೆಯ ತಲೆಯಲ್ಲೇ ಇತ್ತೋ, ನಡುದಾರಿಯಲ್ಲಿ ಸೇರಿತೋ, ಮನೆಯ ಪೈಪಿನಲ್ಲಿ ಹುಟ್ಟಿತೋ ಎಂದು ಹೇಳಲು ಮೇಲಿನ ನೀರಿನ ಲೆಕ್ಕ ಕೈಯಲ್ಲಿರಬೇಕು. ಕೆಳಗೆ ಬಂದಂತೆ ಕಥೆ ಬದಲಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ನದಿಗಳ 351 ಮಲಿನ ಭಾಗಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು. ಕೈಗಾರಿಕಾ ಪ್ರದೇಶ ಬೆಳೆದಿರುವ ನಂಜನಗೂಡಿನ ಕೆಳಗಿನ ಕಬಿನಿಯೂ ಅದರಲ್ಲಿತ್ತು. ಆದರೆ ಆ ಪಟ್ಟಿಯನ್ನು ಮಾಡಿದ್ದು ಜೈವಿಕ ಆಮ್ಲಜನಕ ಬೇಡಿಕೆಯ ಆಧಾರದ ಮೇಲೆ. ಕೊಳೆಯುವ ಕಸ, ಚರಂಡಿ ನೀರು ಎಷ್ಟು ಸೇರಿದೆ ಎಂಬುದನ್ನು ಅದು ಚೆನ್ನಾಗಿ ಅಳೆಯುತ್ತದೆ. ಕೊಳೆಯದೇ ಉಳಿಯುವ ರಾಸಾಯನಿಕ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಕನ್ನಂಬಾಡಿಯ ಮೀನು

ಕಾವೇರಿಯ ನೀರಿನಲ್ಲಿ ಪ್ಲಾಸ್ಟಿಕ್ ಸಂಬಂಧಿ ರಾಸಾಯನಿಕಗಳ ಪ್ರಶ್ನೆಯನ್ನು ಜನರ ಮುಂದೆ ತಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಅಧ್ಯಯನ. ಅಲ್ಲಿನ ಪ್ರಾಧ್ಯಾಪಕ ಉಪೇಂದ್ರ ನೊಂಗ್‌ಥೊಂಬಾ ಅವರು ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿಯ, ಹಿನ್ನೀರಿಗೆ ಹೋದಾಗಲೆಲ್ಲ ದಡದಲ್ಲಿ ಕರಿದ ಮೀನು ತಿನ್ನುವ ರೂಢಿ ಇಟ್ಟುಕೊಂಡಿದ್ದವರು. ಇತ್ತೀಚಿನ ವರ್ಷಗಳಲ್ಲಿ ಕೆಲವು ಮೀನುಗಳ ಮೈ ಸೊಟ್ಟಗಿರುವುದು ಕಣ್ಣಿಗೆ ಬಿತ್ತು. ನೀರಿನಲ್ಲೇ ಏನಾದರೂ ಇರಬಹುದೇ ಎಂಬ ಅನುಮಾನದಿಂದ ಸಂಶೋಧನೆ ಶುರುವಾಯಿತು. 2022ರಲ್ಲಿ ಅದು ಪ್ರಕಟವಾಯಿತು.

ತಂಡವು ಜಲಾಶಯದ ಸುತ್ತ ಮೂರು ಕಡೆ ನೀರು ತೆಗೆಯಿತು: ರಭಸವಾಗಿ ಹರಿಯುವಲ್ಲಿ, ನಿಧಾನವಾಗಿ ಹರಿಯುವಲ್ಲಿ, ನಿಂತಲ್ಲಿ. ಮೊದಲ ಜಾಗದ ನೀರು ತಕ್ಕ ಮಟ್ಟಿಗೆ ಸರಿಯಾಗಿತ್ತು. ಉಳಿದೆರಡರಲ್ಲಿ ಕರಗಿದ ಆಮ್ಲಜನಕ ಬೇಕಾದ್ದಕ್ಕಿಂತ ಬಹಳ ಕಡಿಮೆ. ಕೊಳಚೆಯ ಗುರುತಾದ ಸೂಕ್ಷ್ಮಜೀವಿಗಳೂ ಇದ್ದವು. ರಾಮನ್ ರೋಹಿತದರ್ಶನದಲ್ಲಿ ನೋಡಿದಾಗ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ ಸೈಕ್ಲೊಹೆಕ್ಸೈಲ್ ಗುಂಪಿನ ವಿಷಕಾರಿ ಸಂಯುಕ್ತಗಳ, ಅಂದರೆ ಸೈಕ್ಲೊಹೆಕ್ಸೈಲ್ ಐಸೊಸಯನೇಟಿನಂಥವುಗಳ, ಗುರುತೂ ಕಂಡವು. ಆಮೇಲೆ ಜೀಬ್ರಾ ಮೀನಿನ ಭ್ರೂಣಗಳನ್ನು ಆ ನೀರುಗಳಲ್ಲಿ ಬೆಳೆಸಲಾಯಿತು. ನಿಧಾನ ಹರಿವಿನ ಮತ್ತು ನಿಂತ ನೀರಿನಲ್ಲಿ ಬೆಳೆದವುಗಳ ಎಲುಬು ಸೊಟ್ಟಗಾಯಿತು, ಹೃದಯಕ್ಕೆ ಹಾನಿಯಾಯಿತು, ಡಿಎನ್‌ಎ ಕೆಟ್ಟಿತು, ಸಾವು ಹೆಚ್ಚಿತು. ಸೂಕ್ಷ್ಮಜೀವಿಗಳನ್ನು ಸೋಸಿ ತೆಗೆದ ಮೇಲೂ ಈ ದೋಷಗಳು ಉಳಿದವು. ತಪ್ಪು ಕ್ರಿಮಿಗಳದ್ದಲ್ಲ ಎಂದು ತೋರಿಸಿದ್ದು ಈ ಹೆಜ್ಜೆಯೇ. ಇಡೀ ಪ್ರಯೋಗದ ಜೀವಾಳ ಇದು.

ಇದನ್ನು ಓದುವಾಗ ಎರಡು ಎಚ್ಚರ ಬೇಕು. ಈ ನೀರು ಜಲಾಶಯದ್ದು. ಶುದ್ಧೀಕರಣದ ನಂತರದ ನಲ್ಲಿ ನೀರಲ್ಲ. ಸಂಶೋಧಕರೂ ಮನುಷ್ಯರು ಕೂಡಲೇ ಗಾಬರಿಯಾಗಬೇಕಿಲ್ಲ, ಪ್ರಮಾಣ ಇನ್ನೂ ಅಷ್ಟು ಹೆಚ್ಚಿಲ್ಲದಿರಬಹುದು, ಆದರೆ ದೀರ್ಘಕಾಲದ ಪರಿಣಾಮವನ್ನು ತಿಳಿಯಬೇಕು ಎಂದಿದ್ದರು. ಎರಡನೆಯದು ವಿಧಾನದ್ದು. ರಾಮನ್ ಬೆಳಕು ರಾಸಾಯನಿಕದ ಬೆರಳಚ್ಚನ್ನು ತೋರಿಸುತ್ತದೆ, ತೂಕವನ್ನು ಹೇಳುವುದಿಲ್ಲ. ಐಸೊಸಯನೇಟುಗಳು 1984ರ ಭೋಪಾಲದಿಂದ ನಮಗೆಲ್ಲ ಗೊತ್ತಾದ ಕುಟುಂಬ. ಪಾಲಿಯುರಿಥೇನ್ ಪ್ಲಾಸ್ಟಿಕ್ಕಿನ ಕಚ್ಚಾವಸ್ತುಗಳೂ ಇದೇ ಕುಟುಂಬದವು. ಇವು ನೀರಿನೊಡನೆ ಬೇಗ ವರ್ತಿಸಿ ರೂಪ ಬದಲಿಸುತ್ತವೆ. ಹಾಗಾಗಿ ನೀರಿನಲ್ಲಿ ನಿಜವಾಗಿ ಉಳಿದಿರುವುದು ಯಾವುದು, ಲೀಟರಿಗೆ ಎಷ್ಟು ಎಂಬುದನ್ನು ದ್ರವ್ಯರಾಶಿ ರೋಹಿತಮಾಪಕವೇ ಹೇಳಬೇಕು. ಈ ಅಧ್ಯಯನ ಪ್ರಶ್ನೆಯನ್ನು ಸರಿಯಾಗಿ ಕೇಳಿದೆ. ಉತ್ತರ ನಲ್ಲಿಯವರೆಗೆ ಬರಬೇಕಾದರೆ ಅದೇ ಶ್ರದ್ಧೆಯ ಅಳತೆ ಮುಂದುವರಿಯಬೇಕು.

ಕಾವೇರಿಯ ಕೆಳಭಾಗದಲ್ಲಿ ಕೆಲಸ ಇನ್ನಷ್ಟು ನಡೆದಿದೆ. ತಮಿಳುನಾಡಿನ ಕಾವೇರಿಯ ನೀರು ಮತ್ತು ಹೂಳಿನಲ್ಲಿ ಥ್ಯಾಲೇಟುಗಳನ್ನು ಅಳೆದ ಅಧ್ಯಯನ 2015ರಲ್ಲೇ ಬಂತು. ಮದ್ರಾಸ್ ಐಐಟಿಯ ಲಿಗಿ ಫಿಲಿಪ್ ಅವರ ತಂಡ ಎರಡು ವರ್ಷ ಕಾವೇರಿಯ ನೀರನ್ನು ಗಮನಿಸಿ, ಔಷಧಗಳ ಉಳಿಕೆ, ಪ್ಲಾಸ್ಟಿಕ್, ಬೆಂಕಿ ತಡೆಯುವ ರಾಸಾಯನಿಕ, ಭಾರಲೋಹ, ಕೀಟನಾಶಕಗಳಿವೆ ಎಂದು 2021ರಲ್ಲಿ ತಿಳಿಸಿತು.

ಯಾವ ರಾಸಾಯನಿಕ, ಎಲ್ಲಿಂದ

ಥ್ಯಾಲೇಟುಗಳು ಪಿವಿಸಿಯನ್ನು ಬಳುಕುವಂತೆ ಮಾಡುವ ಎಣ್ಣೆಗಳು. ತೋಟಕ್ಕೆ ನೀರು ಬಿಡುವ ಮೆದು ಹೋಸ್ ಪೈಪು, ರೈನ್‌ಕೋಟು, ಆಸ್ಪತ್ರೆಯ ರಕ್ತದ ಚೀಲ ಇವುಗಳಲ್ಲಿ ಇರುತ್ತವೆ. ಅವು ಪ್ಲಾಸ್ಟಿಕ್ಕಿಗೆ ಬಿಗಿಯಾಗಿ ಬೆಸೆದುಕೊಂಡಿರುವುದಿಲ್ಲ. ಬಿಸಿಯಾದರೆ, ಹಳತಾದರೆ ಮೆಲ್ಲಗೆ ಹೊರಬರುತ್ತವೆ. ಮನೆಗೆ ಹಾಕುವ ಗಟ್ಟಿ ಪಿವಿಸಿ ಪೈಪಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಟ್ಯಾಂಕರಿನಿಂದ ಸಂಪಿಗೆ ನೀರಿಳಿಸುವ ಮೆದು ಪೈಪನ್ನೂ ಗೋಡೆಯೊಳಗಿನ ಗಟ್ಟಿ ಪೈಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗಟ್ಟಿ ಪೈಪಿನ ಹಳೆಯ ಚಿಂತೆ ಬೇರೆ: ಅದರಲ್ಲಿ ಸೇರಿಸುತ್ತಿದ್ದ ಸೀಸ. ಅದಕ್ಕೆ ಕಡಿವಾಣ ಹಾಕುವ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ತಂದಿತು.

ಬಿಸ್ಫಿನಾಲ್ ಎ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮತ್ತು ಎಪಾಕ್ಸಿ ಲೇಪದ ಮೂಲ. ಪಾಲಿಕಾರ್ಬೊನೇಟಿನ 20 ಲೀಟರಿನ ನೀರಿನ ಕ್ಯಾನು, ಟ್ಯಾಂಕು-ಪೈಪುಗಳ ಒಳಮೈ ಲೇಪ ಇದರ ದಾರಿಗಳು. ಹಾರ್ಮೋನಿನಂತೆ ನಟಿಸಿ ದೇಹವನ್ನು ತಪ್ಪುದಾರಿಗೆಳೆಯುವ ಗುಣದಿಂದಾಗಿ ಹಸುಗೂಸಿನ ಹಾಲಿನ ಬಾಟಲಿಯಲ್ಲಿ ಪಾಲಿಕಾರ್ಬೊನೇಟ್ ಬೇಡ ಎಂದು ಭಾರತೀಯ ಮಾನಕ ಬ್ಯೂರೊ 2015ರಲ್ಲಿ ನಿಶ್ಚಯಿಸಿತು.

ಪಿಎಫ್‌ಎಎಸ್ ಕುಟುಂಬದಲ್ಲಿ ಸಾವಿರಾರು ಸಂಯುಕ್ತಗಳಿವೆ. ಇಂಗಾಲ-ಫ್ಲೂರಿನ್ ಬಂಧ ಬಿಸಿಲು, ಮಳೆ, ಬ್ಯಾಕ್ಟೀರಿಯ ಯಾವುದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಅಡುಗೆಮನೆಯ ನಾನ್‌ಸ್ಟಿಕ್ ತವಾದ ಟೆಫ್ಲಾನ್ ಪ್ಲಾಸ್ಟಿಕ್ ತಯಾರಿಸುವಾಗ ಬಳಸುತ್ತಿದ್ದ ಪಿಎಫ್‌ಒಎ ಇದರಲ್ಲಿ ಹೆಚ್ಚು ಕುಖ್ಯಾತ.

ನಲ್ಲಿ ನೀರಿನ ಈ ಬಗೆಯ ಪರೀಕ್ಷೆಗೆ ಜಗತ್ತು ಕಣ್ಣು ತೆರೆದದ್ದೇ ಈ ಪಿಎಫ್‌ಒಎಯಿಂದ. ಅಮೆರಿಕದ ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಡುಪಾಂಟ್ ಕಾರ್ಖಾನೆ 1951ರಿಂದ ಪಿಎಫ್‌ಒಎ ಬಳಸುತ್ತಿತ್ತು. 1984ರಲ್ಲಿ ಕಂಪನಿಯ ಸಿಬ್ಬಂದಿಯೇ ಸುತ್ತಲಿನ ಊರುಗಳ ಅಂಗಡಿಗಳಿಗೆ ಹೋಗಿ ನಲ್ಲಿ ನೀರು ಹಿಡಿದು ತಂದು ಪರೀಕ್ಷಿಸಿದರು. ಲಿಟಲ್ ಹಾಕಿಂಗ್ ಮತ್ತು ಲ್ಯೂಬೆಕ್‌ನ ನೀರಿನಲ್ಲಿ ಅದು ಸಿಕ್ಕಿತು. ಊರವರಿಗೆ ತಿಳಿಸಲಿಲ್ಲ. ವಿಲ್ಬರ್ ಟೆನಂಟ್ ಎಂಬ ರೈತ ತನ್ನ ದನಗಳು ಸಾಯುತ್ತಿವೆ ಎಂದು 1998ರಲ್ಲಿ ವಕೀಲ ರಾಬ್ ಬಿಲಟ್ ಅವರ ಬಳಿ ಹೋದ ಮೇಲೆ ಕಡತಗಳು ಹೊರಬಂದವು. ಮುಂದೆ ಸುಮಾರು 69,000 ಜನರ ರಕ್ತ ಪರೀಕ್ಷೆಯಾಗಿ, ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಸೇರಿದಂತೆ ಆರು ಕಾಯಿಲೆಗಳಿಗೂ ಪಿಎಫ್‌ಒಎಗೂ ನಂಟಿರುವ ಸಂಭವವಿದೆ ಎಂದು ವಿಜ್ಞಾನಿಗಳ ಸಮಿತಿ ನಿರ್ಣಯಿಸಿತು. ಇಟಲಿಯ ವೆನೆಟೊ ಪ್ರಾಂತದಲ್ಲಿ ಇಂಥದೇ ಮಾಲಿನ್ಯ 2013ರಲ್ಲಿ ಬಯಲಾಯಿತು. ನಲ್ಲಿಯ ಕೆಳಗೆ ಬಾಟಲಿ ಹಿಡಿಯುವ ಕೆಲಸ ಕಾರ್ಖಾನೆಯವರಿಗೆ ಮಾತ್ರ ಬಿಟ್ಟದ್ದಾಗಬಾರದು ಎಂಬುದು 1984ರ ಆ ಘಟನೆಯಿಂದ ನನಗೆ ಸ್ಪಷ್ಟವಾಗಿ ಕಾಣುವ ವಿಷಯ.

ಬಾಟಲಿ ತುಂಬುವ ಕೆಲಸ

ಈ ಪರೀಕ್ಷೆಯಲ್ಲಿ ಹೆಚ್ಚಿನ ತಪ್ಪುಗಳು ಯಂತ್ರದ ಮುಂದೆ ಆಗುವುದಿಲ್ಲ, ನಲ್ಲಿಯ ಮುಂದೆ ಆಗುತ್ತವೆ. ಹುಡುಕುವ ವಸ್ತು ನಮ್ಮ ಅಂಗಿಯಲ್ಲಿ, ಕೈಯ ಕ್ರೀಮಿನಲ್ಲಿ, ಬಾಟಲಿಯ ಮುಚ್ಚಳದಲ್ಲಿ ಇರಬಹುದು. ಥ್ಯಾಲೇಟು, ಬಿಸ್ಫಿನಾಲುಗಳಿಗೆ ಗಾಜಿನ ಬಾಟಲಿಯೇ ಆಗಬೇಕು. ಬೆಳಕು ತಾಗದಂತೆ ಕಂದು ಬಣ್ಣದ್ದು. ಪಿಎಫ್‌ಎಎಸ್‌ಗೆ ಇದರ ತದ್ವಿರುದ್ಧ: ಅವು ಗಾಜಿನ ಮೈಗೆ ಅಂಟಿಕೊಂಡು ಲೆಕ್ಕ ತಪ್ಪಿಸುವುದರಿಂದ ಪಾಲಿಪ್ರೊಪಿಲೀನ್ ಬಾಟಲಿ ಬಳಸುತ್ತಾರೆ, ಟೆಫ್ಲಾನ್ ಅಂಟಿಸಿದ ಮುಚ್ಚಳ ಕೂಡದು. ಮಳೆಗೆ ನೆನೆಯದ ಜಾಕೆಟ್ ತೊಟ್ಟು ನೀರು ಹಿಡಿಯುವುದೂ ಸಲ್ಲ. ವಿನೈಲ್ ಕ್ಲೋರೈಡಿನಂಥ ಆವಿಯಾಗುವ ವಸ್ತುಗಳಿಗೆ 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆ. ನೀರು ಬಾಯಿಯ ಅಂಚಿನಲ್ಲಿ ಉಬ್ಬಿ ನಿಲ್ಲುವವರೆಗೆ ನಿಧಾನ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ನೋಡಬೇಕು. ಒಂದು ಗಾಳಿಗುಳ್ಳೆ ಮೇಲೆದ್ದರೂ ಆ ಸೀಸೆ ಕೆಲಸಕ್ಕೆ ಬಾರದು, ಏಕೆಂದರೆ ಹುಡುಕುವ ವಸ್ತು ಆ ಗುಳ್ಳೆಗೆ ಓಡಿಹೋಗಿರುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ದಾರಿಯಲ್ಲಿ ಅದು ಬಿಸ್ಫಿನಾಲಿನೊಡನೆ ವರ್ತಿಸಿ ಅದನ್ನು ಬೇರೆಯೇ ವಸ್ತುವಾಗಿಸುತ್ತದೆ. ಅದನ್ನು ತಡೆಯಲು ಬಾಟಲಿಗೆ ಮೊದಲೇ ಆಸ್ಕಾರ್ಬಿಕ್ ಆಮ್ಲ ಅಥವಾ ಸೋಡಿಯಂ ಥಯೊಸಲ್ಫೇಟ್ ಹಾಕಿಟ್ಟಿರುತ್ತಾರೆ. ಯಾವ ನೀರು ಹಿಡಿಯಬೇಕು ಎಂಬುದೂ ಪ್ರಶ್ನೆಗೆ ತಕ್ಕಂತೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ಮುಂಜಾನೆಯ ಮೊದಲ ನೀರು ಮನೆಯ ಪೈಪಿನ, ಮಾಳಿಗೆಯ ಸಿಂಟೆಕ್ಸಿನ ಕಥೆ ಹೇಳುತ್ತದೆ. ಸಂಪಿಗೆ ಬೀಳುವ ಮುನ್ನ, ಬೀದಿಯ ಪೈಪಿನಿಂದ ನೇರ ಬರುವ ನಲ್ಲಿಯನ್ನು ಕೆಲವು ನಿಮಿಷ ಬಿಟ್ಟು ಹಿಡಿದ ನೀರು ನಗರದ ಸರಬರಾಜಿನ ಕಥೆ. ಎರಡನ್ನೂ ಹಿಡಿಯದೆ ಜಲಮಂಡಳಿಯನ್ನು ಬೈಯುವುದೂ ಪ್ಲಂಬರನ್ನು ಬೈಯುವುದೂ ನ್ಯಾಯವಲ್ಲ. ಇದರ ಜೊತೆಗೆ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನು ಅದೇ ಜಾಗಕ್ಕೆ ಒಯ್ದು, ತೆರೆದು, ಮುಚ್ಚಿ ತರಬೇಕು. ಆ ‘ಖಾಲಿ’ ಮಾದರಿಯಲ್ಲೂ ರಾಸಾಯನಿಕ ಸಿಕ್ಕರೆ ಅದು ನೀರಿನದ್ದಲ್ಲ, ನಮ್ಮದು. ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಣ್ಣಗೆ ಸಾಗಿಸುತ್ತಾರೆ. ಕಲ್ಲೂರಿನಂಥ ಊರಿಂದ ತರುವುದಾದರೆ ಇದನ್ನೂ ಮೊದಲೇ ಯೋಚಿಸಬೇಕು: ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ನಿರ್ಬಂಧವಿದೆ.

ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಎಣಿಕೆಗೆ ನೀರನ್ನು ಸೋಸಿ, ಜೈವಿಕ ಕೊಳೆಯನ್ನು ಹೈಡ್ರೊಜನ್ ಪೆರಾಕ್ಸೈಡಿನಿಂದ ಕರಗಿಸಿ, ಉಳಿದದ್ದನ್ನು ಅವಕೆಂಪು ಅಥವಾ ರಾಮನ್ ಬೆಳಕಿನಲ್ಲಿ ನೋಡುತ್ತಾರೆ. ಪಾಲಿಯೆಸ್ಟರ್ ಅಂಗಿಯ ನೂಲೇ ಮಾದರಿಗೆ ಬೀಳುವುದರಿಂದ ಹತ್ತಿ ಬಟ್ಟೆ ತೊಡುವುದು ಪದ್ಧತಿ. ನಾನಾ ದೇಶಗಳ 159 ನಲ್ಲಿ ನೀರಿನ ಮಾದರಿಗಳನ್ನು ಎಣಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 81ರಲ್ಲಿ ಮನುಷ್ಯ ನಿರ್ಮಿತ ಕಣಗಳು, ಬಹುಪಾಲು ಎಳೆಗಳು, ಸಿಕ್ಕಿದ್ದವು.

ಯಂತ್ರ ಮತ್ತು ಅಳತೆ

ಮನೆಮನೆಗೆ ನಲ್ಲಿ ಹಾಕುವ ಜಲಜೀವನ ಯೋಜನೆ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ಟುಗಳನ್ನು ಕೊಟ್ಟಿದೆ. ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಉಳಿದ ಕ್ಲೋರಿನ್ ಇವುಗಳನ್ನು ಬಣ್ಣ ನೋಡಿ ಹೇಳಬಹುದು. ಮಲದ ಬ್ಯಾಕ್ಟೀರಿಯ ಇದ್ದರೆ ಪುಟ್ಟ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಬಹಳ ಉಪಕಾರದ ಸಾಧನಗಳು ಇವು; ವಾಂತಿ-ಭೇದಿಯಿಂದ ಉಳಿಸುವುದು ಇಂಥವೇ. ಪ್ಲಾಸ್ಟಿಕ್ ರಾಸಾಯನಿಕಗಳ ಅಳತೆ ಮಾತ್ರ ಇವುಗಳ ಕೈಗೆ ಎಟುಕುವಂಥದಲ್ಲ.

ಆ ಅಳತೆ ಎಷ್ಟು ಸೂಕ್ಷ್ಮ ಎಂದು ಲೆಕ್ಕ ಹಾಕಿ ನೋಡಬಹುದು. ಅಮೆರಿಕ 2024ರಲ್ಲಿ ಪಿಎಫ್‌ಒಎಗೆ ಹಾಕಿದ ಮಿತಿ ಲೀಟರಿಗೆ 4 ನ್ಯಾನೊಗ್ರಾಂ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ಬೆಂಗಳೂರಿಗೆ ದಿನಕ್ಕೆ ತರಬಹುದಾದ ಕಾವೇರಿ ನೀರು ಸುಮಾರು 222 ಕೋಟಿ ಲೀಟರ್. ಇಡೀ ಊರಿನ ಒಂದು ದಿನದ ಈ ನೀರಿಗೆ 9 ಗ್ರಾಂ, ಅಂದರೆ ಎರಡು ಚಮಚೆಯಷ್ಟು ಪುಡಿ, ಸಮನಾಗಿ ಬೆರೆತರೆ ಆ ಮಿತಿ ಮುಟ್ಟಿದಂತೆ.

ಇಷ್ಟು ಕಡಿಮೆಯನ್ನು ಹಿಡಿಯಲು ಮೊದಲು ನೀರನ್ನು ಸಾಂದ್ರಗೊಳಿಸಬೇಕು. 250 ಮಿಲಿಲೀಟರ್ ನೀರನ್ನು ಬೆರಳುದ್ದದ ಕೊಳವೆಯೊಳಗಿನ ರಾಳದ ಕಣಗಳ ಮೂಲಕ ಹನಿಹನಿಯಾಗಿ ಇಳಿಸುತ್ತಾರೆ. ರಾಸಾಯನಿಕ ಕಣಗಳಿಗೆ ಅಂಟುತ್ತದೆ, ನೀರು ಇಳಿದುಹೋಗುತ್ತದೆ. ಅಂಟಿದ್ದನ್ನು ಮೆಥನಾಲಿನಿಂದ ತೊಳೆದು ಕೊನೆಗೆ 1 ಮಿಲಿಲೀಟರಿಗೆ ಇಳಿಸಿ ಯಂತ್ರಕ್ಕೆ ಕೊಡುತ್ತಾರೆ. ದ್ರವ ವರ್ಣಲೇಖದಲ್ಲಿ ಸಂಯುಕ್ತಗಳು ಬೇರೆಯಾಗಿ, ಜೋಡಿ ದ್ರವ್ಯರಾಶಿ ರೋಹಿತಮಾಪಕದಲ್ಲಿ ಒಡೆದು, ಚೂರುಗಳ ತೂಕದಿಂದ ಗುರುತು ಸಿಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 537.1 ಮತ್ತು 533 ಎಂಬ ಎರಡು ವಿಧಾನಗಳು ಸೇರಿ 29 ಪಿಎಫ್‌ಎಎಸ್‌ಗಳನ್ನು ಅಳೆಯುತ್ತವೆ. ಸಾವಿರಾರು ಇರುವ ಕುಟುಂಬದಲ್ಲಿ 29. ಮೇಲೆ ಹೇಳಿದ ಕಾಲಮ್ಮಿನ ಮಾತು ಇಲ್ಲಿಯೂ ಅನ್ವಯ. ಥ್ಯಾಲೇಟು ಮತ್ತು ಆವಿಯಾಗುವ ವಸ್ತುಗಳಿಗೆ ಅನಿಲ ವರ್ಣಲೇಖ ಸಾಕು.

ಮಿತಿಗಳು

ಭಾರತದ ಕುಡಿಯುವ ನೀರಿನ ಮಾನಕ ಐಎಸ್ 10500. ಅದರ 2012ರ ಪರಿಷ್ಕರಣೆಯಲ್ಲಿ ಫಿನಾಲಿಕ್ ಸಂಯುಕ್ತಗಳು, ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್), ಕ್ಲೋರಿನ್ನಿಂದ ಹುಟ್ಟುವ ಟ್ರೈಹ್ಯಾಲೊಮೀಥೇನುಗಳು, ಹಲವು ಕೀಟನಾಶಕಗಳು ಇವೆ. ಥ್ಯಾಲೇಟು, ಬಿಸ್ಫಿನಾಲ್ ಎ, ಪಿಎಫ್‌ಎಎಸ್ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೆಚ್ಚು ಬಳಕೆಯ ಥ್ಯಾಲೇಟಾದ ಡಿಇಎಚ್‌ಪಿಗೆ ಲೀಟರಿಗೆ 8 ಮೈಕ್ರೊಗ್ರಾಂ, ವಿನೈಲ್ ಕ್ಲೋರೈಡಿಗೆ 0.3 ಮೈಕ್ರೊಗ್ರಾಂ ಎಂದು ಹೇಳುತ್ತದೆ. ಯುರೋಪಿನ ಒಕ್ಕೂಟ 2020ರ ನಿರ್ದೇಶನದಲ್ಲಿ ಬಿಸ್ಫಿನಾಲ್ ಎಗೆ 2.5 ಮೈಕ್ರೊಗ್ರಾಂ, ಆಯ್ದ 20 ಪಿಎಫ್‌ಎಎಸ್‌ಗಳ ಮೊತ್ತಕ್ಕೆ 0.1 ಮೈಕ್ರೊಗ್ರಾಂ ಮಿತಿ ಹಾಕಿತು. ಮಿತಿಯಿಲ್ಲದ ಕಡೆ ಜಲಮಂಡಳಿಗೆ ಅಳೆಯುವ ಹೊಣೆಯೂ ಇಲ್ಲ. ಅಳೆಯದ ಕಡೆ ಮಿತಿ ಹಾಕಲು ಬೇಕಾದ ಅಂಕಿಗಳೂ ಇಲ್ಲ. ಈ ಸುತ್ತನ್ನು ಯಾರಾದರೂ ಒಂದು ತುದಿಯಿಂದ ಮುರಿಯಲೇಬೇಕು, ಮತ್ತು ಮೊದಲು ಅಳೆಯುವುದೇ ಸುಲಭದ ತುದಿ.

ತೆಗೆಯುವ ಬಗೆ

ಪಟಿಕ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವ ಸಾಮಾನ್ಯ ಶುದ್ಧೀಕರಣ ಪ್ಲಾಸ್ಟಿಕ್ ಕಣಗಳನ್ನು ಬಹುಮಟ್ಟಿಗೆ ಹಿಡಿಯುತ್ತದೆ. ನೀರಿನಲ್ಲಿ ಕರಗಿದ ಪಿಎಫ್‌ಎಎಸ್ ಮಾತ್ರ ಅದರಿಂದ ತಪ್ಪಿಸಿಕೊಂಡು ಬರುತ್ತದೆ. ಅದಕ್ಕೆ ಕ್ರಿಯಾಶೀಲ ಇದ್ದಿಲು, ಅಯಾನು ವಿನಿಮಯದ ರಾಳ ಅಥವಾ ಆರ್‌ಒ ಬೇಕು. ಇದ್ದಿಲು ತುಂಬಿದ ಮೇಲೆ ಬದಲಿಸದಿದ್ದರೆ ಹಿಡಿದದ್ದನ್ನೇ ಮರಳಿ ಬಿಡುತ್ತದೆ. ಆರ್‌ಒ ಹೊರಹಾಕುವ ನೀರಿನಲ್ಲಿ ಪಿಎಫ್‌ಎಎಸ್ ಚರಂಡಿಗೆ, ಚರಂಡಿಯಿಂದ ಮತ್ತೆ ಹೊಳೆಗೆ ಹೋಗುತ್ತದೆ. ಕುದಿಸಿದರೆ ನೀರು ಆವಿಯಾಗಿ ಪಿಎಫ್‌ಎಎಸ್‌ನ ಸಾಂದ್ರತೆ ಸ್ವಲ್ಪ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಈ ಹೊಳೆಯಲ್ಲಿ

ಕಬಿನಿಯ ದಾರಿಯಲ್ಲಿ ಇಂಥ ಪರೀಕ್ಷೆಗೆ ಸಹಜವಾದ ನಿಲ್ದಾಣಗಳು ಆರು: ಕಲ್ಲೂರಿನ ಬಳಿ ನೂಲ್‌ಪುಳ ಹೊಳೆ, ನಂಜನಗೂಡಿಗೆ ಮೇಲೆ, ನಂಜನಗೂಡಿಗೆ ಕೆಳಗೆ, ತಿರುಮಕೂಡಲಿನ ಸಂಗಮದ ನಂತರ, ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣದ ಮುಂಚೆ ಮತ್ತು ನಂತರ, ಕೊನೆಗೆ ಬೆಂಗಳೂರಿನ ಒಂದು ಮನೆಯ ನಲ್ಲಿ. ವರ್ಷಕ್ಕೆ ಕನಿಷ್ಠ ಎರಡು ಸಲ ಹಿಡಿಯಬೇಕು. ಆಷಾಢದ ಮಳೆಯಲ್ಲಿ ಹೊಳೆ ತುಂಬಿ ಹರಿಯುವಾಗ ದಡದ ಕಸ, ರಸ್ತೆಯ ತೊಳೆತ ಒಟ್ಟಿಗೆ ಬರುತ್ತವೆ. ಚೈತ್ರ, ವೈಶಾಖದಲ್ಲಿ ಹರಿವು ಬತ್ತಿದಾಗ ಕಾರ್ಖಾನೆಯಿಂದ, ಚರಂಡಿಯಿಂದ ಬರುವ ಅದೇ ಪಾಲು ಕಡಿಮೆ ನೀರಿನಲ್ಲಿ ದಟ್ಟವಾಗುತ್ತದೆ. ಕನ್ನಂಬಾಡಿಯ ಅಧ್ಯಯನದಲ್ಲಿ ಮೀನಿನ ಭ್ರೂಣಗಳು ಕೆಟ್ಟದ್ದು ರಭಸವಾಗಿ ಹರಿಯುವ ನೀರಿನಲ್ಲಲ್ಲ, ನಿಧಾನವಾದ ಮತ್ತು ನಿಂತ ನೀರಿನಲ್ಲಿ ಎಂಬುದನ್ನು ನೋಡಿದರೆ ಬೇಸಿಗೆಯ ಬಾಟಲಿಯನ್ನು ಬಿಡುವಂತಿಲ್ಲ.